ಹೊಗೆ ಏಳುವ ಮೊದಲಿನ ಹಣದ ಬಗ್ಗೆ: ಅನುದಾನ ಕೊಡುವವರಿಗೆ ಒಂದು ಬಹಿರಂಗ ಪತ್ರ

ಕಾಳ್ಗಿಚ್ಚಿನ ಹೆಸರಿನಲ್ಲಿ ಅನುದಾನ ಹಂಚುವ ಸರ್ಕಾರಗಳಿಗೆ, ಪ್ರತಿಷ್ಠಾನಗಳಿಗೆ, ಕಂಪನಿಗಳ ದಾನನಿಧಿ ನೋಡಿಕೊಳ್ಳುವವರಿಗೆ,

ನಮಸ್ಕಾರ.

ನಾನು ಕಾಡಂಚಿನ ಊರುಗಳಿಗೆ ಅರ್ಜಿ ಬರೆದುಕೊಡುವವನು. ವಿಜ್ಞಾನಿ ಅಲ್ಲ, ಬೆಂಕಿ ಆರಿಸುವ ಪಡೆಯವನೂ ಅಲ್ಲ. ನಿಮ್ಮ ಫಾರಂನ ಯಾವ ಕಾಲಂನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ, ಯಾವ ಪುಟಕ್ಕೆ ಸಹಿ, ಯಾವುದಕ್ಕೆ ಸೀಲು ಅನ್ನೋದೆಲ್ಲ ನನಗೆ ಬಾಯಿಪಾಠ. ಅಷ್ಟೇ ನನ್ನ ಅರ್ಹತೆ.

ಒಂದು ಸಲ, ಮನೆ ಸುಟ್ಟುಹೋಗಿದ್ದ ಹೆಂಗಸೊಬ್ಬರ ಜೊತೆ ಕೂತು ಪರಿಹಾರದ ಅರ್ಜಿ ತುಂಬುತ್ತಿದ್ದೆ. ಮೂರನೇ ಪುಟದಲ್ಲಿ ಒಂದು ಸಾಲು: ಮನೆಯ ಮೂಲ ದಾಖಲೆಗಳನ್ನು ಲಗತ್ತಿಸಿ. ಆಕೆ ಸುಮ್ಮನೆ ಎದ್ದು ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಮುಚ್ಚಳ ಸೊಟ್ಟಗಾಗಿತ್ತು. ಒಳಗೆ ಕಾಗದಗಳು ಇದ್ದವು, ಆದರೆ ಕಪ್ಪಾಗಿ. ಒಂದರ ಮೇಲೊಂದು ಪದರ ಪದರವಾಗಿ, ಥೇಟ್ ಕಾಗದದ ಹಾಗೇ. ಓರೆಯಾಗಿ ಬೆಳಕಿಗೆ ಹಿಡಿದರೆ ಅಕ್ಷರಗಳೂ ಮಿರುಗುತ್ತಿದ್ದವು. ನಾನು ಬೆರಳಿಟ್ಟೆ. ಬೂದಿಯಾಯಿತು. "ಇದನ್ನೇ ಅಂಟಿಸಿ ಕಳಿಸೋಣ್ವಾ?" ಅಂದರು. ತಮಾಷೆಗೆ ಅಂದರೋ, ನಿಜವಾಗಿ ಕೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಆ ಸಾಲು ಬರೆದವರು ಕೆಟ್ಟವರೇನಲ್ಲ. ಬೇರೆ ಯಾವುದೋ ಯೋಜನೆಯ ಫಾರಂನಿಂದ ಎತ್ತಿ ಇಲ್ಲಿ ಇಟ್ಟಿದ್ದಾರೆ, ಅಷ್ಟೇ. ನನ್ನ ತಕರಾರು ಇರೋದೇ ಅಲ್ಲಿ. ಬೆಂಕಿಯ ಹಣ ಬೆಂಕಿಯ ಲೆಕ್ಕದಲ್ಲಿ ಬರುತ್ತಿಲ್ಲ. ಕಚೇರಿಯ ಲೆಕ್ಕದಲ್ಲಿ ಬರುತ್ತಿದೆ.

ಮೊದಲು ದೊಡ್ಡ ಲೆಕ್ಕ ನೋಡೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಕಾಳ್ಗಿಚ್ಚಿನ ಬಗ್ಗೆ ಒಂದು ವರದಿ ತಂದಿತು. ಬೆಂಕಿಗೆ ಅಂತ ಖರ್ಚಾಗುವ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಂಕಿ ಆರಿಸೋಕೇ ಹೋಗುತ್ತದೆ, ಮುಂಚಿತವಾಗಿ ಯೋಜನೆ ಮಾಡೋಕೆ ಶೇಕಡಾ 1 ಕೂಡ ಸಿಗೋದಿಲ್ಲ ಅಂತ ಅದರಲ್ಲಿದೆ. ಅತಿ ದೊಡ್ಡ ಬೆಂಕಿಗಳು 2030ರ ಹೊತ್ತಿಗೆ ಶೇಕಡಾ 14ರಷ್ಟು, 2050ರ ಹೊತ್ತಿಗೆ ಶೇಕಡಾ 30ರಷ್ಟು ಹೆಚ್ಚಬಹುದು ಅಂತ ಹೇಳಿದ್ದೂ ಅದೇ ವರದಿ. ಆಸ್ಟ್ರೇಲಿಯಾದ ಉತ್ಪಾದಕತಾ ಆಯೋಗ 2014ರಲ್ಲಿ ತಮ್ಮ ದೇಶದ ವಿಪತ್ತು ಖರ್ಚನ್ನು ತೂಗಿ ನೋಡಿತ್ತು. ಅನಾಹುತ ಆದಮೇಲೆ ಸರ್ಕಾರ ಸುರಿಯುವ ಹಣದ ಪಕ್ಕದಲ್ಲಿ ಮೊದಲೇ ತಡೆಯೋಕೆ ಕೊಡುತ್ತಿದ್ದದ್ದು ಬರೀ ಶೇಕಡಾ 3. ಇದಾಗಿ ಐದು ವರ್ಷಕ್ಕೆ 2019-20ರ ಬೇಸಿಗೆ ಬಂತು. 33 ಜನ ಬೆಂಕಿಯಲ್ಲಿ ಸತ್ತರು, 3,000ಕ್ಕೂ ಹೆಚ್ಚು ಮನೆ ಹೋದವು. ಆಮೇಲೆ, 2023ರಿಂದ ಐದು ವರ್ಷಕ್ಕೆ 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗಿನ ಒಂದು ಮುನ್ನೆಚ್ಚರಿಕೆ ನಿಧಿ ಶುರುವಾಯಿತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತೀವಲ್ಲ, ಅದನ್ನು ಇಲ್ಲಿ ಗಾದೆ ಅಂತ ಹೇಳೋದೇ ಬೇಡ. ಇದು ಬಜೆಟ್ಟು.

ಮೊದಲೇ ಕೊಟ್ಟರೆ ಉಳಿತಾಯ ಆಗುತ್ತಾ? ಆಗುತ್ತದೆ. ಅಮೆರಿಕದ ರಾಷ್ಟ್ರೀಯ ಕಟ್ಟಡ ವಿಜ್ಞಾನ ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಕಾಳ್ಗಿಚ್ಚು ತಡೆಗೆ ಸರ್ಕಾರ ಕೊಟ್ಟ ಅನುದಾನದ ಪ್ರತಿ ಡಾಲರಿಗೆ ಸುಮಾರು ಮೂರು ಡಾಲರ್ ನಷ್ಟ ತಪ್ಪುತ್ತದೆ. ಹಾಗಿದ್ದೂ ಹಣ ಯಾಕೆ ಆ ಕಡೆ ಹರಿಯೋದಿಲ್ಲ? ನನಗೆ ಅನ್ನಿಸೋದು ಇಷ್ಟು. ಸುಟ್ಟ ಊರಿಗೆ ಮಂತ್ರಿ ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಸುಡದೇ ಉಳಿದ ಊರಿಗೆ ಯಾರೂ ಬರೋದಿಲ್ಲ. ಆಗದೇ ಇದ್ದದ್ದರ ಫೋಟೋ ತೆಗೆಯೋದು ಹೇಗೆ?

ಒಂದು ಸಲ ಅಂಥ ಫೋಟೋ ಸಿಕ್ಕಿತ್ತು. 2024ರ ಫೆಬ್ರವರಿಯಲ್ಲಿ ಚಿಲಿ ದೇಶದ ವಿನ್ಯಾ ದೆಲ್ ಮಾರ್, ಕಿಲ್ಪುವೆ ಊರುಗಳ ಗುಡ್ಡಗಳು ಹೊತ್ತಿ ಉರಿದವು. 130ಕ್ಕೂ ಹೆಚ್ಚು ಜನ ಸತ್ತರು. ಕಿಲ್ಪುವೆಯ ಬೊಟಾನಿಯಾ ಅನ್ನೋ ಬಡಾವಣೆ ಮಾತ್ರ ಸುತ್ತಲಿನ ಕರಿಯ ನೆಲದ ನಡುವೆ ಹಾಗೇ ಉಳಿದಿತ್ತು. ಪವಾಡ ಏನಲ್ಲ. ಅಲ್ಲಿನ ಜನ ಅರಣ್ಯ ಇಲಾಖೆಯವರ ಜೊತೆ ಸೇರಿ ಮೊದಲೇ ಮರದ ಕೆಳಕೊಂಬೆ ಸವರಿದ್ದರು, ಒಣಕಸ ಸಾಗಿಸಿದ್ದರು, ಬಡಾವಣೆಯ ಅಂಚಿನಲ್ಲಿ ಬೆಂಕಿ ದಾಟದ ಹಾಗೆ ನೆಲ ಬೋಳು ಮಾಡಿ ಬೆಂಕಿ ರೇಖೆ ತೆಗೆದಿದ್ದರು. ಕೆಲಸ ಅಂದರೆ ಇಷ್ಟೇ. ಕತ್ತಿ, ಕುಂಟೆ, ಒಂದು ಲಾರಿ, ಮತ್ತೆ ಎಲ್ಲರನ್ನೂ ಕರೆದು ಸೇರಿಸುವ ಒಬ್ಬ ಮನುಷ್ಯ.

ಈಗ ಹೇಳಿ, ನಿಮ್ಮ ಯಾವ ಫಾರಂನಲ್ಲಿ ಕುಂಟೆಗೆ ಕಾಲಂ ಇದೆ?

ಮನೆ ಹೇಗೆ ಸುಡುತ್ತದೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಾಳ್ಗಿಚ್ಚು ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಮರದೆತ್ತರದ ಜ್ವಾಲೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಜಾಕ್ ಕೋಹೆನ್ ಅನ್ನೋ ವಿಜ್ಞಾನಿ ವರ್ಷಾನುಗಟ್ಟಲೆ ಸುಟ್ಟ ಮನೆಗಳನ್ನೇ ನೋಡುತ್ತಾ ಓಡಾಡಿ ಬೇರೆಯೇ ಮಾತು ಹೇಳಿದರು. ಎಷ್ಟೋ ಮನೆಗಳನ್ನು ಸುಡೋದು ಜ್ವಾಲೆಯ ಗೋಡೆ ಅಲ್ಲ, ಕಿಡಿ. ಬೆಂಕಿ ಇನ್ನೂ ದೂರ ಇರುವಾಗಲೇ ಗಾಳಿಯಲ್ಲಿ ತೇಲಿ ಬರುವ ಕೆಂಡದ ಚೂರು. ಅದು ಮಳೆನೀರಿನ ದಂಬೆಯಲ್ಲಿ ಬಿದ್ದ ತರಗೆಲೆಯ ಮೇಲೆ ಕೂರುತ್ತದೆ. ಒಂದಿಷ್ಟು ಹೊತ್ತು ಏನೂ ಆಗೋದಿಲ್ಲ. ಸಣ್ಣ ಎಳೆ ಹೊಗೆ. ಆಮೇಲೆ ಸೂರಿನ ಮರ ಹಿಡಿಯುತ್ತದೆ. ಊರವರು ಆಗಲೇ ಜಾಗ ಬಿಟ್ಟು ಹೋಗಿರುತ್ತಾರೆ. ಇದ್ದಿದ್ದರೆ ಒಂದು ತಂಬಿಗೆ ನೀರಿಗೆ ಆರುತ್ತಿತ್ತು.

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿನ ಚಿತ್ರಗಳನ್ನು ನೋಡಿದವರಿಗೆ ನೆನಪಿರಬಹುದು. 2018ರ ನವೆಂಬರ್ 8ರಂದು ಹತ್ತಿದ ಬೆಂಕಿ. 85 ಜನ ಸತ್ತರು, 18,000ಕ್ಕೂ ಜಾಸ್ತಿ ಕಟ್ಟಡ ನೆಲಸಮ. ಮನೆ ಇದ್ದಲ್ಲಿ ಬೂದಿ, ಪಕ್ಕದಲ್ಲೇ ಪೈನ್ ಮರ ಹಸಿರಾಗಿ ನಿಂತಿದೆ. ಮರ ಉಳಿಯಿತು, ಮನೆ ಹೋಯಿತು. ಹಾಗಾದರೆ ಅನುದಾನದ ಮೊದಲ ದುಡ್ಡು ಎಲ್ಲಿಗೆ ಹೋಗಬೇಕು? ಮನೆಗೆ, ಅದರ ಗೋಡೆಯ ಸುತ್ತಲಿನ ಐದಾರು ಅಡಿ ಜಾಗಕ್ಕೆ. ದಂಬೆಯ ತರಗು ತೆಗೆಯೋದಕ್ಕೆ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕೋದಕ್ಕೆ, ಗೋಡೆಗೆ ಒರಗಿಸಿದ ಸೌದೆ ದೂರ ಸಾಗಿಸೋದಕ್ಕೆ. ಇವು ಎಷ್ಟು ಸಣ್ಣ ಕೆಲಸ ಅಂದರೆ ಯೋಜನಾ ವರದಿಯಲ್ಲಿ ಬರೆಯೋಕೇ ನಾಚಿಕೆ ಆಗುತ್ತದೆ. ಹಾಗಾಗಿ ನಾವು ನೀರಿನ ಟ್ಯಾಂಕರ್ ಕೇಳುತ್ತೇವೆ, ಡ್ರೋನ್ ಕೇಳುತ್ತೇವೆ. ನೀವೂ ಖುಷಿಯಿಂದ ಕೊಡುತ್ತೀರಿ. ಉದ್ಘಾಟನೆ ಆಗುತ್ತದೆ, ಟೇಪು ಕತ್ತರಿಸುತ್ತಾರೆ.

ಡ್ರೋನ್ ಬೇಡ ಅಂತ ನಾನು ಹೇಳುತ್ತಿಲ್ಲ. ಭಾರತದಲ್ಲಿ ಉಪಗ್ರಹಕ್ಕೆ ಬೆಂಕಿ ಕಂಡರೆ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ನೋಂದಾಯಿಸಿದವರ ಫೋನಿಗೇ ಮೆಸೇಜ್ ಬರುವ ವ್ಯವಸ್ಥೆ ಇದೆ. ಒಳ್ಳೆಯದೇ. ಆದರೆ ಆ ಮೆಸೇಜ್ ನೋಡಿ ಗುಡ್ಡ ಹತ್ತುವವನ ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಹಸಿರು ಸೊಪ್ಪಿನ ಕೊಂಬೆ ಇದ್ದರೆ ಆಕಾಶದ ಕಣ್ಣಿಂದ ಏನು ಪ್ರಯೋಜನ?

ಇನ್ನು ನಿಮ್ಮ ನಿಯಮಗಳ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ.

"ಮೊದಲು ಖರ್ಚು ಮಾಡಿ, ಬಿಲ್ ಕೊಡಿ, ಪರಿಶೀಲಿಸಿ ಹಣ ಕೊಡುತ್ತೇವೆ." ಇದು ಬಹಳ ಅನುದಾನಗಳ ಕ್ರಮ. ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ. ಆದರೆ ಮೊದಲು ಖರ್ಚು ಮಾಡೋಕೆ ಕೈಯಲ್ಲಿ ಹಣ ಇದ್ದಿದ್ದರೆ ಆ ಊರಿನವರು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದರು? ನಾನು ನೋಡಿದ ಒಂದು ಸಮಿತಿ, ಅನುದಾನ ಮಂಜೂರಾದ ಪತ್ರವನ್ನು ತೋರಿಸಿ ಬಡ್ಡಿಗೆ ಸಾಲ ಎತ್ತಿತು. ಕೆಲಸ ಮುಗಿಸಿದರು. ಹಣ ಬರೋಕೆ ಹದಿಮೂರು ತಿಂಗಳು ಹಿಡಿಯಿತು. ಬಡ್ಡಿಗೆ ನಿಮ್ಮ ಕಾಲಂನಲ್ಲಿ ಜಾಗ ಇರಲಿಲ್ಲ. ಸಮಿತಿಯ ಅಧ್ಯಕ್ಷರು ಬಡ್ಡಿಯನ್ನು ಸ್ವಂತ ಜೇಬಿಂದ ಕಟ್ಟಿದರು. ಮುಂದಿನ ವರ್ಷ ಅವರು ಅಧ್ಯಕ್ಷರಾಗಲಿಲ್ಲ. ಯಾರೂ ಆಗಲಿಲ್ಲ.

ಎರಡನೇದು ಸ್ವಂತ ಪಾಲು. ಅಮೆರಿಕದಲ್ಲಿ 2021ರ ಮೂಲಸೌಕರ್ಯ ಕಾನೂನಿನಡಿ ಊರುಗಳಿಗೇ ಅಂತ ಒಂದು ಕಾಳ್ಗಿಚ್ಚು ರಕ್ಷಣಾ ಅನುದಾನ ಮಾಡಿದರು. ಐದು ವರ್ಷಕ್ಕೆ 100 ಕೋಟಿ ಡಾಲರ್. ಯೋಜನೆ ಬರೆಯೋಕೆ ಶೇಕಡಾ 10, ಕೆಲಸ ಮಾಡೋಕೆ ಶೇಕಡಾ 25 ಪಾಲನ್ನು ಊರವರೇ ಹಾಕಬೇಕು. ಆದರೆ ಹಿಂದುಳಿದ ಸಮುದಾಯ ಆದರೆ ಆ ಪಾಲನ್ನು ಮನ್ನಾ ಮಾಡಬಹುದು ಅಂತ ಕಾನೂನಿನಲ್ಲೇ ಬರೆದಿಟ್ಟರು. ಈ ಮನ್ನಾದ ಸಾಲು ಇದೆಯಲ್ಲ, ಅದೊಂದನ್ನು ಎಲ್ಲರೂ ನಕಲು ಮಾಡಿ ಅಂತ ನನ್ನ ಮನವಿ. ನಮ್ಮ ದೇಶದಲ್ಲಿ ಕೇಂದ್ರದ ಅರಣ್ಯ ಬೆಂಕಿ ತಡೆ ಮತ್ತು ನಿರ್ವಹಣಾ ಯೋಜನೆ ಇದೆ. ಕೇಂದ್ರ 60, ರಾಜ್ಯ 40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90 ಮತ್ತು 10. ರಾಜ್ಯಕ್ಕೆ ರಾಜ್ಯಕ್ಕೆ ಶಕ್ತಿಯಲ್ಲಿ ವ್ಯತ್ಯಾಸ ಇದೆ ಅಂತ ಒಪ್ಪಿಕೊಂಡ ಹಾಗಾಯಿತು. ಊರಿಗೆ ಊರಿಗೆ ಇರುವ ವ್ಯತ್ಯಾಸವನ್ನೂ ಒಪ್ಪಿದರೆ ಏನು ಕಷ್ಟ?

ಅಂದಹಾಗೆ, ಆ ಅಮೆರಿಕದ ಅನುದಾನದಲ್ಲಿ ಕೆಲಸಕ್ಕೆ ಹಣ ಬೇಕಾದರೆ ಹತ್ತು ವರ್ಷಕ್ಕಿಂತ ಹಳೆಯದಲ್ಲದ ಊರ ರಕ್ಷಣಾ ಯೋಜನೆ ಬೇಕು. ಇದು ಒಳ್ಳೆಯ ಷರತ್ತು. ಯೋಜನೆ ಇಲ್ಲದೆ ಹಣ ಸುರಿದರೆ ಉರಿಯುವ ಮನೆಯಿಂದ ಗಳ ಹಿರಿಯುವವರು ಎಲ್ಲಾ ಕಡೆ ಇದ್ದಾರೆ. ಆದರೆ ಯೋಜನೆ ಬರೆಯೋಕೂ ಹಣ ಬೇಕು, ಬರೆಯೋಕೆ ಕೂರುವವರೂ ಬೇಕು. ನಿಮ್ಮಲ್ಲಿ ಬಹಳ ಜನ "ಆಡಳಿತ ವೆಚ್ಚ" ಅಂದರೆ ಸಾಕು, ಮುಖ ಸಿಂಡರಿಸುತ್ತೀರಿ. ಊರಲ್ಲಿ ಮನೆಮನೆಗೆ ಹೋಗಿ, "ನಾಳೆ ಬೆಳಿಗ್ಗೆ ಬನ್ನಿ, ಒಟ್ಟಿಗೆ ತರಗು ಗುಡಿಸೋಣ" ಅಂತ ಹೇಳುವವರ ಸಂಬಳವೇ ಆ ಆಡಳಿತ ವೆಚ್ಚ. ಆ ಒಬ್ಬರು ಇಲ್ಲದಿದ್ದರೆ ಉಳಿದ ಹಣ ಎಲ್ಲಾ ವೇಸ್ಟು. ಪೋರ್ಚುಗಲ್ ಇದನ್ನು ಕಷ್ಟಪಟ್ಟು ಕಲಿಯಿತು. 2017ರ ಜೂನ್‌ನಲ್ಲಿ ಪೆದ್ರೊಗಾಂವ್ ಗ್ರಾಂದೆ ಬೆಂಕಿಯಲ್ಲಿ 66 ಜನ ಸತ್ತರು, ಅಕ್ಟೋಬರಿನಲ್ಲಿ ಮತ್ತೆ ಬೆಂಕಿ. ಆ ಒಂದೇ ವರ್ಷ ಸತ್ತವರು 100ಕ್ಕೂ ಜಾಸ್ತಿ. 2018ರಿಂದ ಸುರಕ್ಷಿತ ಹಳ್ಳಿ ಅನ್ನೋ ಕಾರ್ಯಕ್ರಮ ತಂದರು. ಹಳ್ಳಿಗೊಬ್ಬ ಸುರಕ್ಷತಾ ಹೊಣೆಗಾರ, ಅವನು ಆ ಹಳ್ಳಿಯವನೇ. ಎಲ್ಲಿ ಸೇರಬೇಕು, ನಡೆಯೋಕಾಗದ ಅಜ್ಜಿಯನ್ನು ಯಾರು ಎತ್ತಿಕೊಂಡು ಬರಬೇಕು ಅನ್ನೋದೆಲ್ಲ ಮೊದಲೇ ಗೊತ್ತಿರಬೇಕು. ಜೊತೆಗೆ ಖರ್ಚಿನ ತಕ್ಕಡಿಯನ್ನೂ ತಿರುಗಿಸಿದರು. ಬೆಂಕಿ ಬಜೆಟ್ಟಿನಲ್ಲಿ ತಡೆಯ ಪಾಲು ಐದನೇ ಒಂದರಷ್ಟು ಇದ್ದದ್ದು ಕೆಲವೇ ವರ್ಷದಲ್ಲಿ ಅರ್ಧದ ಹತ್ತಿರ ಬಂತು. ಬೆಂಕಿ ಅಲ್ಲಿ ನಿಂತಿದೆ ಅಂತ ಅಲ್ಲ. ಇವತ್ತಿಗೂ ಕೆಟ್ಟ ಬೇಸಿಗೆಗಳು ಬರುತ್ತವೆ. ಆದರೆ ಹಣದ ದಿಕ್ಕು ಬದಲಾಯಿಸಬಹುದು ಅನ್ನೋದು ಕಣ್ಣಮುಂದೆ ಇದೆಯಲ್ಲ, ಅದು ಸಾಕು ನನಗೆ.

ಮೂರನೇದು, ನನಗೆ ಅತಿ ಜಾಸ್ತಿ ಹೊಟ್ಟೆ ಉರಿಸುವ ವಿಷಯ: ಒಂದು ವರ್ಷದ ಅನುದಾನ.

ಹುಲ್ಲಿಗೆ ನಿಮ್ಮ ಆರ್ಥಿಕ ವರ್ಷ ಗೊತ್ತಿಲ್ಲ. ಈ ವರ್ಷ ಕೊಯ್ದರೆ ಮುಂದಿನ ಮಳೆಗೆ ಮತ್ತೆ ಬರುತ್ತದೆ, ಇನ್ನೂ ದಟ್ಟವಾಗಿ. ನಾನು ಒಂದು ಊರಿನ ಬೆಂಕಿ ರೇಖೆಯನ್ನು ಮೊದಲ ವರ್ಷ ನೋಡಿದ್ದೆ. ಎತ್ತಿನಗಾಡಿ ಹೋಗುವಷ್ಟು ಅಗಲ, ಗುಡಿಸಿದ ಅಂಗಳದ ಹಾಗೆ ನೆಲ ಕಾಣುತ್ತಿತ್ತು. ಎರಡು ವರ್ಷ ಬಿಟ್ಟು ಹೋದೆ. ರೇಖೆ ಎಲ್ಲಿತ್ತು ಅಂತ ತೋರಿಸೋಕೆ ನನ್ನ ಜೊತೆ ಬಂದವನಿಗೇ ಆಗಲಿಲ್ಲ. ನಿಮ್ಮ ದಾಖಲೆಯಲ್ಲಿ ಮಾತ್ರ ಆ ಕೆಲಸ ಇವತ್ತಿಗೂ "ಪೂರ್ಣಗೊಂಡಿದೆ". ಹವಾಯಿಯ ಲಹೈನಾ ಊರು 2023ರ ಆಗಸ್ಟ್ 8ರಂದು ಸುಟ್ಟದ್ದು ನೆನಪಿದೆಯಲ್ಲ, ಸುಮಾರು ನೂರು ಜನ ಸತ್ತರು. ಅಲ್ಲಿ ಕಾಡೇ ಇರಲಿಲ್ಲ. ಕಬ್ಬು, ಅನಾನಸ್ ಬೆಳೆಯೋದು ನಿಲ್ಲಿಸಿ ಬೀಳುಬಿಟ್ಟ ತೋಟಗಳಲ್ಲಿ ಹೊರಗಿಂದ ಬಂದ ಹುಲ್ಲು ಎದೆಮಟ್ಟ ಬೆಳೆದು ಒಣಗಿ ನಿಂತಿತ್ತು. ವರ್ಷ ವರ್ಷ ಯಾರೋ ಕೊಯ್ಯಬೇಕಾಗಿದ್ದ ಹುಲ್ಲು.

ಇನ್ನೊಂದು ಕಡೆ, ಬೇರೆ ರೀತಿಯ ಲೆಕ್ಕವೂ ಇದೆ. ಉತ್ತರ ಆಸ್ಟ್ರೇಲಿಯಾದ ಪಶ್ಚಿಮ ಆರ್ನೆಮ್ ಲ್ಯಾಂಡ್‌ನಲ್ಲಿ ಮೂಲನಿವಾಸಿ ರೇಂಜರ್‌ಗಳು ಒಣಕಾಲದ ಶುರುವಲ್ಲೇ ಸಣ್ಣ ಸಣ್ಣ ತಣ್ಣನೆ ಬೆಂಕಿ ಇಡುತ್ತಾರೆ. ಹುಲ್ಲು ಇನ್ನೂ ಪೂರ್ತಿ ಒಣಗಿರೋದಿಲ್ಲ. ಬೆಂಕಿ ರಾತ್ರಿಯ ಇಬ್ಬನಿಗೆ ತಾನೇ ಆರುತ್ತದೆ. ಒಣಕಾಲದ ಕೊನೆಗೆ ದೊಡ್ಡ ಬೆಂಕಿಗೆ ಸುಡೋಕೆ ಹೆಚ್ಚೇನೂ ಉಳಿದಿರೋದಿಲ್ಲ. ಈ ಕೆಲಸಕ್ಕೆ 2006ರಲ್ಲಿ ಡಾರ್ವಿನ್‌ನ ಒಂದು ಅನಿಲ ಘಟಕದ ಜೊತೆ ಒಪ್ಪಂದ ಆಯಿತು; ಕಾಡಿನ ಹೊಗೆ ತಗ್ಗಿಸಿ ತನ್ನ ಹೊಗೆಯ ಲೆಕ್ಕ ಸರಿದೂಗಿಸೋಕೆ ಘಟಕ ಹಣ ಕೊಡುತ್ತಿತ್ತು. ಎಷ್ಟು ವರ್ಷಕ್ಕೆ ಗೊತ್ತಾ? 17 ವರ್ಷಕ್ಕೆ. ಒಬ್ಬ ಹುಡುಗ ಕೆಲಸಕ್ಕೆ ಸೇರಿ, ಕಲಿತು, ಇನ್ನೊಬ್ಬನಿಗೆ ಕಲಿಸೋಕೆ ಅಷ್ಟು ಕಾಲ ಬೇಕು.

ಇದನ್ನು ಓದುವಾಗ ನನಗೆ ನೆನಪಾಗೋದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ "ತರಗು ಬೆಂಕಿ". ಅದೇ ಉಪಾಯ, ಹೆಸರು ಮಾತ್ರ ಕನ್ನಡದ್ದು. ತರಗೆಲೆ ಮಾತ್ರ ಸುಡುವ, ಮರ ಮುಟ್ಟದ ಬೆಂಕಿ. ಕಾಡು ಅಭಯಾರಣ್ಯ ಆದಮೇಲೆ ಅದು ನಿಂತಿತು. ಆಮೇಲೆ ಲಂಟಾನ ಪೊದೆ ಹಬ್ಬಿತು, ನೆಲ್ಲಿಮರಕ್ಕೆ ಉಪ್ಪಿಲು ಅನ್ನೋ ಬಂದಳಿಕೆ ಹತ್ತಿತು ಅಂತ ಸೋಲಿಗರು ಹೇಳುತ್ತಾ ಬಂದಿದ್ದಾರೆ. ಲಂಟಾನ ಒಣಗಿ ಹತ್ತಿಕೊಂಡರೆ ಬೆಂಕಿ ನೆಲದಲ್ಲಿ ಇರೋದಿಲ್ಲ, ಏಣಿ ಹತ್ತಿದ ಹಾಗೆ ಮರಕ್ಕೆ ಏರುತ್ತದೆ. ಎಲ್ಲಾ ಕಡೆ ಬೆಂಕಿ ಇಡಿ ಅಂತ ನಾನು ಹೇಳೋದಿಲ್ಲ. ಒಂದು ಕಾಡಿಗೆ ಒಗ್ಗಿದ್ದು ಇನ್ನೊಂದಕ್ಕೆ ವಿಷ ಆಗಬಹುದು. ಆದರೆ ಆ ತಿಳುವಳಿಕೆ ಇರುವವರನ್ನು ನಿಮ್ಮ ತಜ್ಞರ ಸಮಿತಿಯಲ್ಲಿ, ಸಂಭಾವನೆ ಕೊಟ್ಟು, ಕುರ್ಚಿ ಹಾಕಿ ಕೂರಿಸಿ. "ಜಾಗೃತಿ ಶಿಬಿರ"ದಲ್ಲಿ ಕೆಳಗೆ ಕೂರಿಸಿ ಅವರಿಗೇ ಪಾಠ ಮಾಡಬೇಡಿ.

ಸುಟ್ಟ ಮೇಲಿನ ಹಣದ ಬಗ್ಗೆ ಒಂದೆರಡು ಮಾತು. ಅದೂ ಬೇಕು, ಬೇಡ ಅಂದವರು ಯಾರು? ಆದರೆ ಅಲ್ಲೂ ಕಾಲದ್ದೇ ಜಗಳ. ಬೆಂಕಿ ಹೋದಮೇಲೆ ಇಳಿಜಾರಿನ ಮಣ್ಣು ನೀರು ಕುಡಿಯೋದಿಲ್ಲ. ಸುಟ್ಟ ಎಲೆಯ ಮೇಣದಂಥ ಅಂಶ ಮಣ್ಣಲ್ಲಿ ಪದರ ಕಟ್ಟಿರುತ್ತದೆ, ಮಳೆ ಬಿದ್ದರೆ ನೀರು ಜಾರುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆಸಿಟೊದಲ್ಲಿ 2017ರ ಡಿಸೆಂಬರ್‌ನಲ್ಲಿ ಗುಡ್ಡ ಸುಟ್ಟಿತು, 2018ರ ಜನವರಿ 9ರಂದು ಜೋರು ಮಳೆ ಬಂತು. ಕೆಸರು, ಬಂಡೆ ಉರುಳಿ ಬಂದು 23 ಜನ ಸತ್ತರು. ಒಂದು ತಿಂಗಳ ಅಂತರ. ನಿಮ್ಮ "ಅರ್ಜಿ ಸ್ವೀಕಾರ" ಪತ್ರ ಕೈಸೇರೋಕೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಪ್ಯಾರಡೈಸ್‌ನಲ್ಲಿ ಬೆಂಕಿ ಆರಿದ ಮೇಲೆ ನೆಲದಡಿಯ ನೀರಿನ ಪೈಪಿನಲ್ಲಿ ಬೆಂಜೀನ್ ವಿಷ ಸಿಕ್ಕಿತು. ಮನೆ ಉಳಿಸಿಕೊಂಡವರೂ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಮನೆ ಕಟ್ಟೋಕೆ ಅನುದಾನ, ಪೈಪಿಗೆ ಬೇರೆ ಅನುದಾನ, ಗುಡ್ಡಕ್ಕೆ ಇನ್ನೊಂದು, ಮೂರಕ್ಕೂ ಮೂರು ಕಚೇರಿ ಅಂದರೆ ಜನ ಊರನ್ನೇ ಬಿಡುತ್ತಾರೆ. ಬಾಡಿಗೆಗೆ ಇದ್ದವರಂತೂ ಯಾವ ಪಟ್ಟಿಯಲ್ಲೂ ಇರೋದಿಲ್ಲ. ಸುಟ್ಟದ್ದು ಮಾಲೀಕನ ಮನೆ, ನಿಜ. ಒಳಗಿದ್ದ ಹಾಸಿಗೆ, ಪಾತ್ರೆ, ಹೊಲಿಗೆ ಯಂತ್ರ ಯಾರದ್ದು?

ಇನ್ನೊಂದು ಭಯ ಇದೆ. ಒಪ್ಪಿ ಕೊಟ್ಟ ಅನುದಾನವನ್ನು ನಡುವೆ ಕಿತ್ತುಕೊಳ್ಳೋದು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ, ಅನಾಹುತ ತಡೆಗೆ ಅಂತಲೇ ಇದ್ದ ತನ್ನ ಒಂದು ದೊಡ್ಡ ಅನುದಾನವನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. ರಾಜ್ಯಗಳು ಕೋರ್ಟಿಗೆ ಹೋದವು. ದೊಡ್ಡ ರಾಜ್ಯಕ್ಕೆ ವಕೀಲರು ಇರುತ್ತಾರೆ. ಅಗೆಯೋಕೆ ಶುರು ಮಾಡಿ ಅರ್ಧಕ್ಕೆ ನಿಂತ ಹಳ್ಳಿಗೆ ಯಾರಿರುತ್ತಾರೆ?

ಹಾಗಾಗಿ ನಾನು ಕೇಳೋದು ದೊಡ್ಡ ಮೊತ್ತ ಅಲ್ಲ. ಇರುವ ಹಣದಲ್ಲೇ ಒಂದು ಪಾಲನ್ನು ಸಣ್ಣ ಸಣ್ಣ ತುಂಡು ಮಾಡಿ, ಐದು ವರ್ಷಕ್ಕೆ ಕಡಿಮೆ ಇಲ್ಲದಂತೆ, ಮುಂಗಡವಾಗಿ ಕೊಡಿ. ಅರ್ಜಿ ಎರಡು ಪುಟ ಇರಲಿ. ಹಣ ಒಣಕಾಲ ಶುರುವಾಗುವ ಮೊದಲು ಊರಿಗೆ ಸೇರಲಿ, ಮುಗಿದ ಮೇಲೆ ಅಲ್ಲ. ಲೆಕ್ಕ ಕೇಳಿ, ಖಂಡಿತ ಕೇಳಿ. ಆದರೆ ಎಷ್ಟು ಹೆಕ್ಟೇರ್ ಅಂತ ಮಾತ್ರ ಕೇಳಬೇಡಿ. ಮೂರನೇ ವರ್ಷ ಬಂದು ಆ ಬೆಂಕಿ ರೇಖೆಯ ಮೇಲೆ ನಡೆದು ನೋಡಿ. ಪ್ಯಾಂಟಿಗೆ ಎಷ್ಟು ಹುಲ್ಲುಬೀಜ ಅಂಟಿತು ಅನ್ನೋದೇ ನಿಮ್ಮ ಆಡಿಟ್ಟು.

ಮತ್ತೆ, ಪರಿಹಾರದ ಫಾರಂನ ಮೂರನೇ ಪುಟದಿಂದ ಆ ಒಂದು ಸಾಲನ್ನು ತೆಗೆಯಿರಿ. ಜಮೀನಿನ ದಾಖಲೆ ಸರ್ಕಾರದ ಹತ್ತಿರ ಹೇಗೂ ಇರುತ್ತದೆ, ಅಲ್ವಾ? ನೀವೇ ಹುಡುಕಿಕೊಳ್ಳಿ. ಆ ಹೆಂಗಸಿಗೆ ಹಣ ಬಂತು, ಎರಡು ವರ್ಷ ತಡವಾಗಿ. ಪೆಟ್ಟಿಗೆಯನ್ನು ಮಾತ್ರ ಅವರು ಇನ್ನೂ ಎಸೆದಿಲ್ಲ. ಯಾರಾದರೂ ಕೇಳಿಯಾರು ಅಂತ ಇಟ್ಟುಕೊಂಡಿದ್ದಾರೆ.

ಇಂತಿ,
ನಿಮ್ಮ ಫಾರಂಗಳನ್ನು ತುಂಬುವ ಒಬ್ಬ